ಗಿರಣಿ ನೀಲಕ್ಕನ ಐತವಾರದ ಸುದ್ದಿ

ನೀಲಾಂಬಿಕಾ ಎಂದು ಕೇಳಿದರೆ ನಮ್ಮ ಸವಣೂರಿನಲ್ಲಿ ಯಾರೂ ದಾರಿ ತೋರಿಸುವುದಿಲ್ಲ. ಗಿರಣಿ ನೀಲಕ್ಕ ಎನ್ನಬೇಕು. ಬಸ್ ನಿಲ್ದಾಣದಿಂದ ಮಾರುಕಟ್ಟೆಯ ಕಡೆಗೆ ಹೊರಟರೆ ಸದಾ ನಡುಗುತ್ತಿರುವ ಒಂದು ತಗಡಿನ ಬಾಗಿಲು ಸಿಗುತ್ತದೆ. ಅದರ ಹಿಂದೆ ಹುಬ್ಬು, ರೆಪ್ಪೆ, ಕಿವಿಯ ಬೆಂಡೋಲೆಯ ಮೇಲೆಲ್ಲ ಹಿಟ್ಟು ಹೊತ್ತುಕೊಂಡು ನಿಂತಿರುವವಳೇ ನೀಲಕ್ಕ. ವಯಸ್ಸು ನಲವತ್ತೈದರ ಆಚೀಚೆ ಇರಬಹುದು. ಆದರೆ ಜೋಳದ ಹಿಟ್ಟು ತಲೆಗೂದಲಿಗೆ ಇಳಿದಂತೆ ಅದು ದಿನವೂ ಸಂಜೆಯೊಳಗೆ ಎಪ್ಪತ್ತಕ್ಕೆ ಏರುತ್ತದೆ. "ಮುಂಜಾನೆ ಹೇಂತಿ ಕೆಲಸಕ್ಕ ಹೋಗತಾಳ, ಸಂಜಿಕ ನಮ್ಮವ್ವ ಮನಿಗೆ ಬರತಾಳ" ಎಂದು ಗಂಡ ಮಂಜಪ್ಪ ಎಲ್ಲರೆದುರು ಹೇಳಿ ನಗುತ್ತಾನೆ. ಮಂಜಪ್ಪ ಮೋಟರು ರಿಪೇರಿ ಮಾಡುವವನು. ಸಿಟ್ಟಿನಲ್ಲಿ ಹೆಂಡತಿ ಗಿರಣಿ ಕೆಡಿಸಿಟ್ಟರೆ ಅವನೇ ಸರಿಮಾಡಬೇಕಾದ್ದರಿಂದ ಅದಕ್ಕಿಂತ ಹೆಚ್ಚಿನ ತಮಾಷೆಗೆ ಹೋಗುವುದಿಲ್ಲ.

ನೀಲಕ್ಕನ ತವರು ತಡಸ. ಅವಳ ಅಪ್ಪ ಎಲ್ಲಿ ಡೊಳ್ಳಿನ ಸದ್ದು ಕೇಳಿದರೂ ಕಣದ ರಾಶಿ ಬಿಟ್ಟು ಅತ್ತ ಹೊರಡುವ ಮನುಷ್ಯ. ಹೆಗಲ ಮೇಲೆ ಮಗಳನ್ನು ಕೂರಿಸಿಕೊಂಡು ದೊಡ್ಡಾಟ, ಕುಸ್ತಿ, ಗೀಗೀ ಪದ, ಗುಂಡು ಎತ್ತುವ ಪಂದ್ಯ, ಒಂದನ್ನೂ ಬಿಡದೆ ತೋರಿಸಿದ. ಹಾಗೆ ಬೆಳೆದವಳು ಮದುವೆಯಾಗಿ ಸವಣೂರಿಗೆ ಬಂದಳು, ಗಿರಣಿಯ ಹೊಣೆ ಹೊತ್ತಳು. ಅಲ್ಲಿಗೆ ಅವಳ ತಿರುಗಾಟ ನಿಂತಿತು. ಊರಿನಲ್ಲಿ ಏನೇ ನಡೆದರೂ ಭಾನುವಾರವೇ, ನಮ್ಮ ಮಾತಿನ ಐತವಾರವೇ, ನಡೆಯುತ್ತದೆ. ಊರವರಿಗೆ ಬೀಸಲು ಬಿಡುವಾಗುವುದೂ ಭಾನುವಾರವೇ.

ನೋಡುವುದು ನಿಂತರೂ ಸುದ್ದಿ ಮಾತ್ರ ನಿಲ್ಲಲಿಲ್ಲ. ಗಿರಣಿಗೆ ಬರುವ ಡಬ್ಬಿಗಳ ಜೊತೆಗೆ ಅದೂ ಬರುತ್ತಿತ್ತು. ಯಾರಾದರೂ ಎಂದಿಗಿಂತ ಹೆಚ್ಚು ಜೋಳ ತಂದರೆ ನೀಲಕ್ಕ ಸುಮ್ಮನಿರುವವಳಲ್ಲ. "ಏನವಾ, ಇಷ್ಟ್ಯಾಕ ಹಿಟ್ಟು? ಮನ್ಯಾಗ ಏನೈತಿ?" ಎಂದು ಬೆಲ್ಟಿನ ಸದ್ದಿನ ಮೇಲೆ ಕೂಗಿ ಕೇಳುವಳು. ಶಿಗ್ಗಾಂವಿಯ ಅಣ್ಣನ ಮನೆಯಲ್ಲಿ ಡೊಳ್ಳಿನ ಮೇಳದವರು ಇಳಿಯುತ್ತಾರೆ, ಹಿರೇಕೆರೂರಿನಲ್ಲಿ ಬಂಡಿ ಓಟ ಇದೆ, ಹಾನಗಲ್ಲಿನ ಕೆರೆ ದಂಡೆಯಲ್ಲಿ ಹೊಸದಾಗಿ ಮಿರ್ಚಿ ಗಾಡಿ ನಿಂತಿದೆ, ಅವನು ಕಡಲೆ ಹಿಟ್ಟಿಗೆ ಅಜವಾನ ಧಾರಾಳ ಹಾಕುತ್ತಾನೆ, ಹೀಗೆ ನಾಲ್ಕೂ ತಾಲೂಕಿನ ವಿಷಯ ಅವಳ ಕಿವಿಗೆ ಬಂದು ಬೀಳುತ್ತಿತ್ತು.

ಎದುರಿನ ಅಂಗಡಿಯ ಫರ್ಹತ ಅವಳ ಗೆಳತಿ. ಸವಣೂರ ಖಾರಾ ಮಾರುವ ಅಂಗಡಿ ಅದು. ಖಾರಾ ಎಂದರೆ ಸೇವು, ಶೇಂಗಾ, ಅವಲಕ್ಕಿ, ಬಳ್ಳೊಳ್ಳಿ ಬೆರೆಸಿದ, ನೀರು ಕುಡಿಯುವವರೆಗೆ ಬಿಡದ ತಿನಿಸು. ಒಂದು ರಜೆಯಲ್ಲಿ ಫರ್ಹತಳ ಮನೆಗೆ ಹುಬ್ಬಳ್ಳಿಯಿಂದ ತಂಗಿಯ ಸಂಸಾರ ಬಂದಿತ್ತು. ಬಂದ ಮರುದಿನವೇ "ಇಲ್ಲೇನೂ ಇಲ್ಲ, ಬೇಜಾರು" ಎಂದು ಶುರುಮಾಡಿದರು. ಫರ್ಹತ ರಸ್ತೆ ದಾಟಿ ಬಂದಳು.

"ನೀಲಾ, ಇವರ್ನ ಎಲ್ಲಿಗರ ಕಳಸಬೇಕವಾ. ಮೂರು ಹೊತ್ತೂ ಕುಂತು ನನ್ನ ಅಂಗಡಿ ಖಾರಾ ಖಾಲಿ ಮಾಡಾಕತ್ತಾರ."

ನೀಲಕ್ಕ ಹಿಟ್ಟಿನಲ್ಲಿ ಕೈಯಾಡಿಸುತ್ತಲೇ, ಆ ಭಾನುವಾರ ಎಲ್ಲೆಲ್ಲಿ ಏನಿದೆ ಎಂದು ಒಂದೇ ಉಸಿರಿಗೆ ಹೇಳಿದಳು. ಫರ್ಹತ ಅದನ್ನು ಫೋನಿನಲ್ಲಿ ಹಿಡಿದು ತಂಗಿಗೆ ಕಳಿಸಿದಳು, ತಂಗಿ ತನ್ನ ನಾದಿನಿಗೆ ಕಳಿಸಿದಳು, ನಾದಿನಿ ಇಡೀ ಬೀಗರ ಬಳಗಕ್ಕೆ ಕಳಿಸಿದಳು. ಮುಂದಿನ ವಾರ ಗುರುತಿಲ್ಲದವರೆಲ್ಲ ಕೇಳತೊಡಗಿದರು. ಹೀಗೆ "ಐತವಾರ ಎಲ್ಲಿಗೆ?" ಎಂಬ ವಾಟ್ಸಾಪ್ ಗುಂಪು ಹುಟ್ಟಿತು. ಬರೆದು ಹಾಕುವ ಮಾತೇ ಇರಲಿಲ್ಲ. ಹಿಟ್ಟಿನ ಬೆರಳನ್ನು ಫೋನು ಬೆರಳೆಂದೇ ಒಪ್ಪುತ್ತಿರಲಿಲ್ಲ. ಪ್ರತಿ ಶುಕ್ರವಾರ ಫರ್ಹತ ಗುಂಡಿ ಒತ್ತಿ ಹಿಡಿಯುವಳು, ನೀಲಕ್ಕ ಮಾತಾಡುವಳು.

"ಎಲ್ಲಾರಿಗೂ ನಮಸ್ಕಾರ್ರಿ. ನಾನು ಗಿರಣಿ ನೀಲಕ್ಕ ಮಾತಾಡಾಕತ್ತೇನಿ. ಈ ಐತವಾರ ಶಿಗ್ಗಾಂವ್ಯಾಗ ಡೊಳ್ಳಿನ ಪಂದ್ಯ ಐತಿ, ಮುಂಜಾನಿಂದ, ಭಾಳ ಚಂದ ಐತಿ ಹೋಗ್ರಿ. ಬಿಸಲು ಭಾಳ, ತಲಿಮ್ಯಾಲ ಟವೆಲ್ ಹಾಕ್ಕೊಂಡು ಹೋಗ್ರಿ. ಹಿರೇಕೆರೂರಾಗ ಬಂಡಿ ಓಟ, ಬದುವಿನ ಮ್ಯಾಲ ನಿಲ್ರಿ, ನಡುವ ನಿಲ್ಲಬ್ಯಾಡ್ರಿ. ಮತ್ತ ಯಾರದೋ ಕರೇ ಮುಚ್ಚಳದ ಡಬ್ಬಿ ಮೂರು ದಿನಾತು ಇಲ್ಲೇ ಐತಿ. ಒಯ್ರಿ, ಇಲಿ ಬರಾಕತ್ತಾವ."

ನಾವೆಲ್ಲ ಅದನ್ನು ನಂಬಿಕೊಂಡು ತಿರುಗಿದೆವು. ನಾನೇ ಹಾನಗಲ್ಲಿನ ಕೆರೆ ದಂಡೆಗೆ ಹೋಗಿ ಅಜವಾನದ ಮಿರ್ಚಿ ತಿಂದು ಬಂದೆ. ಅದರಲ್ಲಿ ಸುಳ್ಳಿರಲಿಲ್ಲ. ಸುದ್ದಿ ಹೇಳಿದವಳು ಮಾತ್ರ ಒಂದನ್ನೂ ಕಂಡಿರಲಿಲ್ಲ. ಸೋಮವಾರ ಹಿಟ್ಟಿಗೆ ಬಂದವರನ್ನು ಹಿಡಿದು "ಹ್ಯಾಂಗಿತ್ತ್ರಿ? ಮಂದಿ ಇದ್ರ? ಮತ್ತ ಏನ್ ತಿಂದ್ರಿ?" ಎಂದು ಕೇಳಿ ಸಮಾಧಾನಪಟ್ಟುಕೊಳ್ಳುತ್ತಿದ್ದಳು.

ಹೀಗಿರುವಾಗ ಹತ್ತಿಮತ್ತೂರಿನ ಪ್ರಸಂಗ ನಡೆಯಿತು.

ಹತ್ತಿಮತ್ತೂರಿನಲ್ಲಿ ರಾಘಣ್ಣ ಮಾಸ್ತರು ಎಂಬ ನಿವೃತ್ತ ಶಿಕ್ಷಕರಿದ್ದಾರೆ. ಅಪ್ಪ, ಅಜ್ಜ ಎಲ್ಲ ಸಂಸ್ಕೃತ ಪಾಠ ಹೇಳಿದ ಮನೆತನ. ಮಾಸ್ತರಿಗೆ ಭಜನೆಯ ಹುಚ್ಚು. ವರ್ಷಕ್ಕೊಮ್ಮೆ ಊರ ಸಂತೆ ಮೈದಾನದಲ್ಲಿ ಭಜನಾ ಸ್ಪರ್ಧೆ ಇಡುತ್ತಾರೆ. ನಾಲ್ಕು ತಾಲೂಕಿನಿಂದ ತಂಡಗಳು ಬರುತ್ತವೆ, ಕೇಳುವವರು ಬರುವುದಿಲ್ಲ. ಹಾಡಿ ಮುಗಿಸಿದ ತಂಡ ಮೊದಲ ಬಸ್ಸಿಗೆ ಹೊರಟುಬಿಡುವುದರಿಂದ, ಕೊನೆಯ ತಂಡ ಹಾಡುವಾಗ ಎದುರಿಗೆ ಮಾಸ್ತರು ಮತ್ತು ಶಾಮಿಯಾನದವನು ಇಬ್ಬರೇ ಉಳಿಯುತ್ತಿದ್ದರು. ಶಾಮಿಯಾನದವನೂ ಬಿಚ್ಚಲೆಂದೇ ಕಾಯುತ್ತಿದ್ದ.

ಮಾಸ್ತರ ಮಗಳು ಸುಮೇಧಾ ಸವಣೂರಿನ ಬ್ಯಾಂಕೊಂದರಲ್ಲಿ ಅಧಿಕಾರಿ. ಆ ಗುರುವಾರ ಗೋಧಿ ಬೀಸಿಸಲು ಗಿರಣಿಗೆ ಬಂದಳು. ಒಂದು ಕಡೆ ಜೋಳ ಬೀಳುತ್ತಿತ್ತು, ಇನ್ನೊಂದು ಕಡೆ ಮೆಣಸಿನಕಾಯಿ ಕುಟ್ಟುವ ಯಂತ್ರ ಓಡುತ್ತಿತ್ತು. ಸುಮೇಧಾ ಸೆರಗಿನಿಂದ ಮೂಗು ಮುಚ್ಚಿಕೊಂಡು, ಸೀನುತ್ತ ಹೇಳಿದಳು:

"ನೀಲಕ್ಕಾ, ಈ ಐತವಾರ ನಮ್ಮಪ್ಪ ಹತ್ತಿಮತ್ತೂರಾಗ ಭಜನಾ ಸ್ಪರ್ಧಾ ಇಟ್ಟಾರ. ನಿಮ್ಮ ಗುಂಪಿನ್ಯಾಗ ಹೇಳ್ರಿ."

ಸೆರಗು, ಸೀನು, ಎರಡು ಯಂತ್ರಗಳನ್ನು ದಾಟಿ ನೀಲಕ್ಕನ ಕಿವಿಗೆ ಬರುವಷ್ಟರಲ್ಲಿ ಅದು ಭೋಜನ ಸ್ಪರ್ಧೆಯಾಗಿತ್ತು.

"ಹೌದ? ಯಾರ ಬೇಕಾದ್ರೂ ಬರಬಹುದೇನ್ರಿ?"

"ಎಷ್ಟ ಮಂದಿ ಬಂದ್ರೂ ಅಪ್ಪಗ ಖುಷಿನ. ಒಂದ ತಂಡದಾಗ ಏಳ ಮಂದಿ. ಹತ್ತ ನಿಮಿಷ ಟೈಮ್. ಗೆದ್ದವರಿಗೆ ಢಾಲು."

"ಏನರ ತರಬೇಕೇನ್ರಿ?"

"ಏನಿಲ್ಲ, ತಾಳ ತಮ್ಮವ ತಂದ್ರ ಆತು."

ತಾಳ ತಾಟವಾಗಿ, ಅಂದರೆ ಊಟದ ತಟ್ಟೆಯಾಗಿ, ಕೇಳಿಸಿತು. ನೀಲಕ್ಕನಿಗೆ ಸಂಶಯ ಬರಲು ಕಾರಣವೇ ಇರಲಿಲ್ಲ. ಏಳು ಮಂದಿ, ಹತ್ತು ನಿಮಿಷ, ಸ್ವಂತ ತಾಟು, ಗೆದ್ದವರಿಗೆ ಢಾಲು. ಇಷ್ಟು ಚೊಕ್ಕವಾಗಿ ವಿಚಾರ ಮಾಡಿದ ಊಟದ ಪಂದ್ಯವನ್ನು ಅವಳು ಈವರೆಗೆ ಕೇಳಿಯೇ ಇರಲಿಲ್ಲ. ಓದಿದ ಮನೆತನ ಎಂದರೆ ಹೀಗಿರಬೇಕು ಎಂದುಕೊಂಡಳು.

ಶುಕ್ರವಾರದ ಸುದ್ದಿ ಹೊರಟಿತು. "ಹತ್ತಿಮತ್ತೂರಾಗ ರಾಘಣ್ಣ ಮಾಸ್ತರ್ರು ಭೋಜನ ಸ್ಪರ್ಧೆ ಇಟ್ಟಾರ್ರಿ. ತಂಡಕ್ಕ ಏಳು ಮಂದಿ. ತಾಟು ನಿಮ್ಮವ ನೀವ ತರ್ರಿ. ಎಷ್ಟು ಮಂದಿ ಬಂದ್ರೂ ಮಾಸ್ತರಿಗೆ ಖುಷಿ ಐತಂತ."

ಗುಂಪು ಕುದಿಯತೊಡಗಿತು. ಭೋಜನ ಸ್ಪರ್ಧೆ ಎಂದರೆ ಅಡುಗೆ ಮಾಡುವುದೋ, ತಿನ್ನುವುದೋ ಎಂಬ ಪ್ರಶ್ನೆ ಎದ್ದಿತು. ಹೆಂಗಸರು ಮಾಡುವುದೆಂದರು, ಗಂಡಸರು ತಿನ್ನುವುದೆಂದರು. ಕೊನೆಗೆ ನೀಲಕ್ಕನನ್ನೇ ಕೇಳಿದಾಗ ಅವಳು ತೀರ್ಪು ಕೊಟ್ಟಳು: "ಎರಡೂ ಇರಬೇಕ್ರಿ. ಮಾಡದ ಹ್ಯಾಂಗ ತಿಂತಾರ?"

ಇದರಿಂದ ಯಾರಿಗೂ ಬೇಸರವಾಗಲಿಲ್ಲ. ಶನಿವಾರ ನಾಲ್ಕೂ ತಾಲೂಕಿನ ಅಡುಗೆಮನೆಗಳಲ್ಲಿ ಹೂರಣ ಕುದಿಯಿತು, ಎಣ್ಣೆಗಾಯಿಗೆ ಬದನೆಕಾಯಿ ಸೀಳಿಸಿಕೊಂಡವು. ಹಾನಗಲ್ಲಿನಲ್ಲಿ ಮೈಲಾರಿ ಎಂಬ ಕುಸ್ತಿಪಟು, ತನ್ನ ಗರಡಿಯ ಆರು ಮಂದಿಯನ್ನು ಕೂಡಿಸಿ ಶನಿವಾರ ಸಂಜೆಯಿಂದಲೇ ಅನ್ನ ಮುಟ್ಟಬಾರದೆಂದು ಕಟ್ಟಪ್ಪಣೆ ಮಾಡಿದ.

ಭಾನುವಾರ ಎಂದಿನಂತೆ ನೀಲಕ್ಕ ಗಿರಣಿಯಲ್ಲಿದ್ದಳು. ಫರ್ಹತ ಒಂದು ಡಬ್ಬಿ ಖಾರಾ ಹೊತ್ತು, ಟೆಂಪೋ ಹತ್ತಿ ಹತ್ತಿಮತ್ತೂರಿಗೆ ಹೋಗಿದ್ದಳು. ಅದೇ ಟೆಂಪೋದಲ್ಲಿ ತಾಟು ಹಿಡಿದು ನಾನೂ ಹೋಗಿದ್ದೆ. ಹತ್ತೂವರೆ ಸುಮಾರಿಗೆ ಅವಳ ಫೋನು ಬಂತು.

"ನೀಲಾ, ಇಲ್ಲಿ ಊಟದ ಪಂದ್ಯ ಕಾಣವಲ್ದು. ಕುಂತು ತಾಳ ಬಾರಸಾಕತ್ತಾರ."

"ಆ?"

"ತಾಳ! ತಾಳ! ಭಜನಿ ಮಾಡಾಕತ್ತಾರ. ಬ್ಯಾನರಿನ ಮ್ಯಾಲೂ ಹಂಗ ಬರದೈತಿ. ಮಂದಿ ತಾಟ ಹಿಡಕೊಂಡು ಮಿಕಿಮಿಕಿ ನೋಡಾಕತ್ತಾರ. ಯಾ ಅಲ್ಲಾ, ಇನ್ನೊಂದು ಟ್ರ್ಯಾಕ್ಟರ್ ತುಂಬ ಮಂದಿ ಬಂತು ನೋಡು."

ನೀಲಕ್ಕನ ಮನಸ್ಸಿನಲ್ಲಿ ಭಜನ, ಭೋಜನ, ತಾಳ, ತಾಟ ನಾಲ್ಕೂ ಒಮ್ಮೆಲೇ ತಮ್ಮ ತಮ್ಮ ಜಾಗದಲ್ಲಿ ಹೋಗಿ ಕುಳಿತವು. ಗುಂಡಿ ಒತ್ತಿ ಗಿರಣಿ ನಿಲ್ಲಿಸಿದಳು. ಭಾನುವಾರ ಬೆಳಿಗ್ಗೆ ಆ ಸದ್ದು ನಿಂತದ್ದನ್ನು ನಮ್ಮ ಓಣಿ ಎಂದೂ ಕೇಳಿರಲಿಲ್ಲ. ಏನಾಯಿತೋ ಎಂದು ಜನ ಮನೆಯಿಂದ ಹೊರಗೆ ಬಂದರು. ಅರ್ಧ ಬೀಸಿದ ಜೋಳದ ಯಜಮಾನಿ "ನಂದು, ನಂದು" ಎನ್ನುತ್ತ ಹಿಂದೆ ಬಂದಳು. ನೀಲಕ್ಕ ಅಷ್ಟರಲ್ಲಿ ಮಂಜಪ್ಪನ ಬೈಕಿನ ಹಿಂದೆ ಕುಳಿತಾಗಿತ್ತು.

"ಹೋಗಿ ಏನ್ ಮಾಡ್ತಿ?" ಎಂದ ಮಂಜಪ್ಪ.

"ತಪ್ಪಾತು ಅಂತ ಹೇಳ್ತೇನಿ."

"ಅಷ್ಟೂ ಮಂದಿಗೆ?"

"ಮೈಕ್ ಇರತೈತಲ್ಲ."

ದಾರಿಯುದ್ದಕ್ಕೂ ಅವಳ ಮೈಯಿಂದ ಹಿಟ್ಟು ಹಾರುತ್ತ ಹೋಯಿತು. ಆದರೂ ಹತ್ತಿಮತ್ತೂರು ಮುಟ್ಟುವಾಗ ಮುಖದ ತುಂಬ ಬೇಕಾದಷ್ಟು ಉಳಿದಿತ್ತು. ಮೈದಾನದಂಚಿನಲ್ಲಿ ತಾಟು ಹಿಡಿದು ನಿಂತಿದ್ದವನೊಬ್ಬ ಅವಳನ್ನು ನೋಡಿ ಪಕ್ಕದವನಿಗೆ "ದೊಡ್ಡಾಟಾನೂ ಐತಲೇ, ಬಣ್ಣ ಹಚ್ಚಕೊಂಡು ಬಂದಾರ" ಎಂದ.

ಶಾಮಿಯಾನ ಹಿಡಿಯಲಾರದಷ್ಟು ಜನ. ಎಲ್ಲರ ಕೈಯಲ್ಲೂ ಸ್ಟೀಲಿನ ತಾಟು. ಬಿಸಿಲಿಗೆ ಮೈದಾನವೆಲ್ಲ ಕಣ್ಣು ಕುಕ್ಕುವಂತೆ ಮಿರುಗುತ್ತಿತ್ತು. ಒಂದು ಬದಿಗೆ ಹುಣಸೆಮರದ ನೆರಳಲ್ಲಿ ಹೆಂಗಸರು ತಂದ ಬೋಗುಣಿ, ಬುಟ್ಟಿ, ಡಬ್ಬಿಗಳು ಸಾಲಾಗಿ ಕುಳಿತಿದ್ದವು. ವೇದಿಕೆಯ ಮೇಲೆ ಒಂದು ತಂಡ ತಾಳ ಹಿಡಿದು, ಹಾಡುವುದೋ ಬಿಡುವುದೋ ತಿಳಿಯದೆ ಕುಳಿತಿತ್ತು. ಮೆಟ್ಟಿಲ ಹತ್ತಿರ ರಾಘಣ್ಣ ಮಾಸ್ತರು, ದಾರ ಕಟ್ಟಿದ ಕನ್ನಡಕ ಏರಿಸಿ ಇಳಿಸಿ ಜನರನ್ನು ನೋಡುತ್ತಿದ್ದರು.

"ಏನ ನಡದದ ಇಲ್ಲೆ? ಯಾರ್ರಿ ಇವರೆಲ್ಲಾ? ಒಬ್ಬಾಂವ ಬಂದು ಪಂಕ್ತಿ ಎಲ್ಲೆ ಕೂಡತದ ಅಂತ ಕೇಳ್ತಾನ ನನಗ!"

ನೀಲಕ್ಕ ಕೈ ಮುಗಿದಳು. ಕೈಯಿಂದಲೂ ಹಿಟ್ಟು ಉದುರಿತು. "ನಾನು ಗಿರಣಿ ನೀಲಕ್ಕ ರೀ. ನಿಮ್ಮ ಮಗಳು ಭಜನ ಅಂದಿದ್ರು, ನಾನು ಭೋಜನ ಅಂತ ಕೇಳಿಸ್ಕೊಂಡೆ. ತಪ್ಪು ನಂದ ರೀ. ಈಗ ಎಲ್ಲಾರಿಗೂ ಹೇಳಿ ವಾಪಸ್ ಕಳಸ್ತೇನ್ರಿ."

ಮಾಸ್ತರು ಸಿಟ್ಟಿನ ಮಾತಿಗೆಂದು ಬಾಯಿ ತೆರೆದರು. ಅದೇ ಹೊತ್ತಿಗೆ ಶಾಮಿಯಾನದ ಕಡೆ ನೋಡಿದರು. ಇಷ್ಟು ತಲೆಗಳನ್ನು ಅವರು ತಮ್ಮ ಸ್ಪರ್ಧೆಯಲ್ಲಿ ಕನಸಿನಲ್ಲೂ ಕಂಡಿರಲಿಲ್ಲ. ತೆರೆದ ಬಾಯಿ ಮೆಲ್ಲಗೆ ಮುಚ್ಚಿತು.

"ವಾಪಸ್ ಯಾಕ?" ಎಂದರು ತಗ್ಗಿದ ದನಿಯಲ್ಲಿ. "ಅಷ್ಟ ದೂರಿಂದ ಬಂದು ಕೂತಾರ. ಕೂತವರನ್ನ ಎಬ್ಬಸೂದು ಛೊಲೋ ಅಲ್ಲ."

"ಹಸದಾರ್ರಿ ಮಾಸ್ತರ."

"ಹಸೀಲಿ. ಹಸದಾಗ ಭಜನಿ ಭಾಳ ಮನಸಿಗೆ ಹತ್ತತದ. ಎಲ್ಲಾ ತಂಡಾ ಮುಗಿಯೂತನಕಾ ಯಾರೂ ಉಣ್ಣೂಹಂಗಿಲ್ಲ. ಹಂಗಂತ ನೀವ ಹೇಳ್ರಿ."

ನೀಲಕ್ಕ ಮೈಕಿನ ಮುಂದೆ ಹೋಗಿ ನಿಂತಳು. ಗಿರಣಿಯಲ್ಲಿ ಕೂಗಿ ಕೂಗಿ ರೂಢಿಯಾದ ಗಂಟಲು. ಮೊದಲ ಮಾತಿಗೇ ಸ್ಪೀಕರು ಚೀರಿಟ್ಟಿತು. ನಡೆದದ್ದನ್ನು ಮುಚ್ಚಿಡದೆ ಹೇಳಿದಳು. ಹೆಂಗಸರ ಕಡೆಯಿಂದ ನಗೆ ಎದ್ದು, ಗಂಡಸರ ಕಡೆಗೆ ಬರುವಷ್ಟರಲ್ಲಿ ನರಳಾಟವಾಯಿತು. ಗಂಡಸರ ನಡುವಿನಿಂದ ಗುಡಾಣದಂಥ ಎದೆಯ ಮೈಲಾರಿ ಎದ್ದು ನಿಂತ.

"ಅಕ್ಕಾರ, ನಾವು ನಿನ್ನೆ ಸಂಜಿಂದ ಏನೂ ತಿಂದಿಲ್ರಿ."

"ಇನ್ನೊಂದು ಸ್ವಲ್ಪ ತಡಕೋರಿ ಅಣ್ಣಾ. ಮಾಸ್ತರ, ಇನ್ನ ಎಷ್ಟು ತಂಡ ಅದಾವ್ರಿ?"

"ಹದಿನೆಂಟು," ಎಂದರು ಮಾಸ್ತರು.

ಮೈಲಾರಿ ಚಿತ್ತಾಗುವವನಂತೆ ಹಿಂದಕ್ಕೆ ವಾಲಿ ಕುಳಿತ.

ನಿಂತಿದ್ದ ಭಜನೆ ಮತ್ತೆ ಶುರುವಾಯಿತು. ಗಾಳಿ ಹುಣಸೆಮರದ ಕಡೆಯಿಂದ ಶಾಮಿಯಾನದ ಕಡೆಗೆ ಬೀಸುತ್ತಿತ್ತು. ಎಣ್ಣೆಗಾಯಿಯ ವಾಸನೆ ಒಂದು ಸಲ, ಹೋಳಿಗೆಯ ತುಪ್ಪದ ವಾಸನೆ ಒಂದು ಸಲ, ಸುತ್ತು ಹಾಕಿ ಬರುತ್ತಿತ್ತು. ಮೊದಲ ತಂಡ ಐದು ಚರಣ ಹಾಡಿತು. ಚಪ್ಪಾಳೆ ಯಾರೋ ನೊಣ ಹೊಡೆದಷ್ಟು ಬಂತು. ಎರಡನೆಯ ತಂಡದಲ್ಲಿ ತಾಳದವನು ಹಾಡು ಮರೆತು ಎರಡೇ ಚರಣಕ್ಕೆ ನಿಲ್ಲಿಸಿದ. ಶಾಮಿಯಾನ ಹಾರಿಹೋಗುವಂಥ ಚಪ್ಪಾಳೆ, ಮೇಲೆ ತಾಟು ಬಡಿದ ಸದ್ದು. ಕೆಳಗೆ ಕಾದು ಕುಳಿತ ತಂಡಗಳಿಗೆ ಇದರ ಮರ್ಮ ಹೊಳೆಯಲು ಹೊತ್ತು ಹಿಡಿಯಲಿಲ್ಲ. ಮುಂದಿನವರು ಚರಣಗಳನ್ನು ನುಂಗತೊಡಗಿದರು. ಶಿಗ್ಗಾಂವಿಯ ತಂಡವಂತೂ ತೀರ್ಪುಗಾರರು ಪೆನ್ನಿನ ಟೊಪ್ಪಿಗೆ ತೆಗೆಯುವ ಮೊದಲೇ ಮಂಗಳ ಹಾಡಿ ಎದ್ದಿತು.

ಮಾಸ್ತರಿಗೆ ತಡೆಯಲಾಗಲಿಲ್ಲ. "ಪಲ್ಲವಿ ಆತು, ಚರಣ ಎಲ್ಲೆ ಹೋದವು?"

"ಉಂಡ ಮ್ಯಾಲ ಹಾಡ್ತೇವ್ರಿ," ಎಂದ ಮುಖ್ಯ ಹಾಡುಗಾರ. ಅವನಿಗೆ ಬಂದಷ್ಟು ಚಪ್ಪಾಳೆ ಅಲ್ಲಿಯವರೆಗೆ ಯಾರಿಗೂ ಬಂದಿರಲಿಲ್ಲ.

ನೀಲಕ್ಕ ವೇದಿಕೆಯ ಕೆಳಗೆ, ಫರ್ಹತಳ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತಿದ್ದಳು. ಮೊದಲು ತಲೆ ತಗ್ಗಿಸಿಯೇ ಇದ್ದಳು. ಯಾರಾದರೂ ಬೈಯುತ್ತಾರೆಂದು ಕಾದಳು. ಯಾರೂ ಬೈಯಲಿಲ್ಲ, ಅಥವಾ ಬೈಯಲು ಅವರಲ್ಲಿ ಶಕ್ತಿ ಇರಲಿಲ್ಲ. ಮೂರನೆಯ ತಂಡದ ಹೊತ್ತಿಗೆ ತಲೆ ಎತ್ತಿದಳು. ಐದನೆಯದಕ್ಕೆ ತೊಡೆಯ ಮೇಲೆ ತಾಳ ಹಾಕುತ್ತಿದ್ದಳು. ಮದುವೆಯಾದ ಮೇಲೆ ಹೀಗೆ ಜನರ ನಡುವೆ ನೆಲದ ಮೇಲೆ ಕುಳಿತು ಏನನ್ನಾದರೂ ನೋಡಿದ್ದು ಅದೇ ಮೊದಲು.

"ಫರ್ಹತ, ಇದು ಭಾಳ ಚಂದ ಐತಲ್ಲ!" ಎಂದಳು ಆಶ್ಚರ್ಯದಿಂದ.

"ಹೌದವಾ. ವಾರಾ ವಾರಾ ನೀನ ಹೇಳ್ತಿದ್ದಿಯಲ್ಲ, ಭಾಳ ಚಂದ ಐತಿ ಹೋಗ್ರಿ ಅಂತ."

"ಅದು ಸುಮ್ನ ಹೇಳ್ತಿದ್ದೆ."

ಆಮೇಲೆ ಚಿಕ್ಕೇರೂರಿನ ಹೆಂಗಸರ ತಂಡ ಬಂತು. ಹೊಲಗೆಲಸದ ಹೆಂಗಸರು, ಮುಂದಾಳು ಭರಮವ್ವ ಎಂಬ ಮುದುಕಿ. ಅವಳು ವೇದಿಕೆ ಹತ್ತಿದ ರೀತಿಯನ್ನು ನೋಡಿಯೇ ಜನ ಕಳವಳಗೊಂಡರು. ಅವಸರವೆಂಬುದು ಆಕೆಯ ಮೈಯಲ್ಲೇ ಇರಲಿಲ್ಲ. ಕುಳಿತಳು, ಸೀರೆಯ ನಿರಿಗೆ ಸರಿಮಾಡಿಕೊಂಡಳು, ಏಕತಾರಿಯ ತಂತಿಯನ್ನು ತಿರುವಿದಳು, ತೃಪ್ತಿಯಾಗದೆ ಮತ್ತೆ ತಿರುವಿದಳು. ಮೈಕಿಗೆ ಬಾಯಿಟ್ಟು ಹೇಳಿದಳು:

"ನಾವು ದಾರ್ಯಾಗ ಬುತ್ತಿ ಬಿಚ್ಚಿ ಉಂಡ ಬಂದೇವ್ರಿ. ನಮಗೇನ್ ಗಡಬಡಿ ಇಲ್ಲ."

ಮೈದಾನದ ತುಂಬ ನಿಟ್ಟುಸಿರು ಹರಿಯಿತು. ಭರಮವ್ವ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳದೆ ಹಾಡು ತೆಗೆದಳು. ಮನೆಗೆ ದೇವರು ಬರುತ್ತಾನೆಂದು ಒಲೆಯ ಮೇಲೆ ಬರೀ ನೀರಿಟ್ಟು ಕಾಯುವ ಬಡವಿಯ ಹಾಡು. ಅಕ್ಕಿ ಇಲ್ಲ, ಬೇಳೆ ಇಲ್ಲ, ನೀರು ಮಾತ್ರ ಕುದಿಯುತ್ತಿದೆ. ಅದರ ಸದ್ದನ್ನೇ ಅಡುಗೆಯ ಸದ್ದೆಂದು ಬಗೆದು ದೇವರು ಬಾಗಿಲಲ್ಲಿ ಕುಳಿತಿದ್ದಾನೆ. ದನಿ ಒಡಕು, ಮೇಲಿನ ಸ್ವರಕ್ಕೆ ಹೋದಾಗ ಕೂದಲೆಳೆಯಷ್ಟಾಗುತ್ತಿತ್ತು. ಆದರೆ ಬಿಡದೆ ಒಂದೊಂದು ಚರಣವನ್ನೂ ತಿರುಗಿಸಿ ತಿರುಗಿಸಿ ಹಾಡಿದಳು. ತಾಟುಗಳ ಸದ್ದು ನಿಂತಿತು. ಹತ್ತು ನಿಮಿಷಕ್ಕೆ ಗಂಟೆ ಹೊಡೆಯಬೇಕಾದವನು ಸುತ್ತಿಗೆ ಹಿಡಿದುಕೊಂಡೇ ಕುಳಿತಿದ್ದ. ಮೈಲಾರಿಯ ಕಣ್ಣಿಂದ ನೀರು ಇಳಿದು ಮೀಸೆಯಲ್ಲಿ ನಿಂತಿತ್ತು.

ನೀಲಕ್ಕ ಬಗ್ಗಿ ಕೇಳಿದಳು: "ಯಾಕಣ್ಣಾ, ಹಾಡಿಗೇನು? ಹಸಿವಿಗೇನು?"

"ಗೊತ್ತಾಗವಲ್ದು ಅಕ್ಕಾರ. ಎರಡೂ ಒಂದ ಕಡೆ ಹತ್ತೇತಿ."

ಭರಮವ್ವ ಇನ್ನೂ ಎಷ್ಟು ಹೊತ್ತು ಹಾಡುತ್ತಿದ್ದಳೋ, ಅಷ್ಟರಲ್ಲಿ ಹುಣಸೆಮರದ ಕಡೆಯಿಂದ ಢಣ್ಣೆಂದು ದೊಡ್ಡ ಸದ್ದಾಯಿತು. ಎಲ್ಲರೂ ಹಾಡಿನಲ್ಲಿ ಮುಳುಗಿದ್ದಾಗ ಎರಡು ನಾಯಿಗಳು ಒಂದು ಬೋಗುಣಿಯ ಮುಚ್ಚಳ ಕೆಡವಿದ್ದವು. "ಅಯ್ಯಯ್ಯೋ ನನ್ನ ಮಾದ್ಲಿ!" ಎಂದು ಒಬ್ಬಾಕೆ ಎದ್ದಳು, ಅವಳ ಹಿಂದೆ ಹೆಂಗಸರೆಲ್ಲ ಎದ್ದರು, ಹೆಂಗಸರ ಹಿಂದೆ ಏಳು ಮಂದಿ ಕುಸ್ತಿಪಟುಗಳು ಎದ್ದರು. ಅಲ್ಲಿಂದ ಮುಂದೆ ಯಾರನ್ನೂ ಮತ್ತೆ ಕೂರಿಸುವುದು ಸಾಧ್ಯವಿರಲಿಲ್ಲ. ಮಾಸ್ತರು ಮೈಕು ಹಿಡಿದು, ತಾವೇ ಯೋಚಿಸಿದವರಂತೆ, "ಈಗ ಅಲ್ಪ ವಿರಾಮ" ಎಂದು ಸಾರಿದರು. ಅವರ ಧ್ವನಿಯೂ ಹುಣಸೆಮರದ ಕಡೆಗೇ ತಿರುಗಿತ್ತು.

ಅಂಥ ಊಟವನ್ನು ನಾನು ಮತ್ತೆ ಉಂಡಿಲ್ಲ. ಮಾಡಿ ತಂದವರು ನೀಡಿದರು, ಹಸಿದು ಬಂದವರು ತಿಂದರು. ಸ್ಪರ್ಧೆಯ ನಿಯಮ ಯಾರಿಗೂ ನೆನಪಾಗಲಿಲ್ಲ. ಜೋಳದ ರೊಟ್ಟಿ, ಗುರೆಳ್ಳ ಪುಡಿ, ಕಡಲೆ ಹಿಟ್ಟಿನ ಝುಣಕದ ವಡಿ, ಗೋಧಿ ಬೆಲ್ಲದ ಮಾದಲಿ, ಶೇಂಗಾ ಹೋಳಿಗೆ. ಭಜನಾ ತಂಡಗಳವರು ತಾಟು ತಂದಿರಲಿಲ್ಲ. ತಾಳ ಕಿಸೆಗೆ ಹಾಕಿ ರೊಟ್ಟಿಯನ್ನೇ ತಾಟು ಮಾಡಿಕೊಂಡರು. ಊರಿಗೆಲ್ಲ ತಾಟು ತನ್ನಿ ಎಂದು ಸಾರಿದ ನೀಲಕ್ಕನ ಹತ್ತಿರವೂ ತಾಟಿರಲಿಲ್ಲ. ಒಂದು ಡಬ್ಬಿಯ ಮುಚ್ಚಳದಲ್ಲಿ ಹಾಕಿಸಿಕೊಂಡು, ಮೈಲಾರಿಯ ತಂಡದ ಪಕ್ಕ ನಿಂತು, ಅವರ ವೇಗಕ್ಕೆ ಬೆರಗಾಗುತ್ತ ಉಂಡಳು. ಭರಮವ್ವ, ಉಂಡು ಬಂದವಳು, ಎರಡನೆಯ ಸಲ ಕುಳಿತಳು.

ಉಳಿದ ತಂಡಗಳು ಊಟದ ಮೇಲೆ ಹಾಡಿದವು. ಈಗ ಚರಣ ಯಾರೂ ನುಂಗಲಿಲ್ಲ. ಕೇಳುವವರಲ್ಲಿ ಅರ್ಧ ಜನ ತೂಕಡಿಸುತ್ತಿದ್ದರು, ಆದರೆ ಎದ್ದು ಹೋಗಲಿಲ್ಲ. ಮಾಸ್ತರಿಗೆ ಅಷ್ಟೇ ಸಾಕಿತ್ತು. ಸಂತೋಷದಲ್ಲಿ ಅವರು ಒಂದು ಎಡವಟ್ಟು ಮಾಡಿಕೊಂಡರು. ಫರ್ಹತ ಕೊಟ್ಟ ಖಾರಾವನ್ನು ಹಿಡಿಯಷ್ಟು ಬಾಯಿಗೆ ಹಾಕಿಕೊಂಡರು. ಬಹುಮಾನ ಸಾರುವ ಹೊತ್ತಿಗೆ ಬಿಕ್ಕಳಿಕೆ ಹತ್ತಿ ಮಾತೇ ಹೊರಡದಾಯಿತು. ಕಣ್ಣಲ್ಲಿ ನೀರು ತುಂಬಿಕೊಂಡು ಮೈಕನ್ನು ನೀಲಕ್ಕನ ಕೈಗೆ ಕೊಟ್ಟರು. ಹೆಸರನ್ನು ಅವಳ ಕಿವಿಯಲ್ಲಿ ಬಿಕ್ಕುತ್ತ ಹೇಳಿದರು.

"ಸರಿಯಾಗಿ ಕೇಳಿಸ್ಕೊಂಡು ಹೇಳವಾ!" ಎಂದು ಹಿಂದಿನಿಂದ ಯಾರೋ ಕೂಗಿದರು.

"ಮೊದಲನೇ ಢಾಲು, ಹಿರೇಕೆರೂರು..." ಎಂದಳು ನೀಲಕ್ಕ. ಹಿರೇಕೆರೂರಿನವರು ಎದ್ದು ಕುಣಿದರು. ಮಾಸ್ತರು ಎರಡೂ ಕೈ ಆಡಿಸಿದರು. ನೀಲಕ್ಕ ಮತ್ತೆ ಕಿವಿಗೊಟ್ಟು, "ಅಲ್ಲ ಅಲ್ಲ, ಕುಂತ್ಕೋರಿ. ಹಿರೇಕೆರೂರು ತಾಲೂಕು, ಚಿಕ್ಕೇರೂರು! ಭರಮವ್ವನ ತಂಡ!" ಎಂದಳು. ಈ ಸಲ ತಾಟು ಬಡಿದ ಸದ್ದು ಹತ್ತಿಮತ್ತೂರನ್ನು ದಾಟಿ ಹೋಗಿರಬೇಕು.

ಮರುದಿನ ಸುಮೇಧಾ ಗಿರಣಿಗೆ ಬಂದಳು. ನಗುತ್ತ ನಿಂತಳು, ನೀಲಕ್ಕನೂ ನಕ್ಕಳು, ಯಂತ್ರದ ಸದ್ದಿನಲ್ಲಿ ಇಬ್ಬರ ನಗೆಯೂ ಕೇಳಿಸಲಿಲ್ಲ. ಅರ್ಧ ಬೀಸಿದ ಜೋಳದ ಯಜಮಾನಿ ಮಾತ್ರ ಒಂದು ವಾರ ಬೇರೆ ಗಿರಣಿಗೆ ಹೋದಳು. ಅಲ್ಲಿ ಸುದ್ದಿ ಸಿಗದಿದ್ದರಿಂದ ತಿರುಗಿ ಬಂದಳು.

ನೀಲಕ್ಕ ಮಂಜಪ್ಪನಿಗೆ ಹೇಳಿದಳು: "ಇನ್ನ ಮ್ಯಾಲ ಐತವಾರ ಮಧ್ಯಾಹ್ನದ ಮ್ಯಾಗ ಗಿರಣಿ ಬಂದ್."

"ಮಂದಿ ಏನಂತಾರ?"

"ಮಂದಿ ಪಂದ್ಯ ನೋಡಾಕ ಹೋಗಿ ಅಲ್ಲೇ ಇರತಾರ. ನಾನೂ ಅಲ್ಲೇ ಹೋಗತೇನಿ."

ಮುಂದಿನ ವರ್ಷ ಸ್ಪರ್ಧೆಗೆ ಮೊದಲು ರಾಘಣ್ಣ ಮಾಸ್ತರೇ ಫೋನು ಮಾಡಿದರು. ಕುಶಲ ಕೇಳಿದರು, ಮಳೆಯ ಮಾತಾಡಿದರು, ಕೊನೆಗೆ ಗಂಟಲು ಸರಿಮಾಡಿಕೊಂಡರು.

"ನೀಲಕ್ಕಾ, ಈ ಸಲನೂ ಸ್ವಲ್ಪ ತಪ್ಪ ಹೇಳ್ರಿ."

"ಅಯ್ಯ, ಬೇಕಂತ ಹ್ಯಾಂಗ ತಪ್ಪು ಹೇಳ್ಲಿ ಮಾಸ್ತರ? ಭಜನಿ, ಭೋಜನ ಎರಡೂ ಐತಿ ಅಂತೇನಿ ಬಿಡ್ರಿ. ಉಂಡ ಮ್ಯಾಲ ಹಾಡೂದು ಅಂತೇನಿ."

"ಹಾಡಿದ ಮ್ಯಾಲ ಉಣ್ಣೂದು ಅನ್ರಿ," ಎಂದರು ಮಾಸ್ತರು ಗಾಬರಿಯಿಂದ.

ಈಗ ಗುಂಪಿನಲ್ಲಿ ಒಂದೇ ತಕರಾರು. ಮೊದಲು ಐತವಾರದ ಸುದ್ದಿ ಒಂದು ನಿಮಿಷದಲ್ಲಿ ಮುಗಿಯುತ್ತಿತ್ತು. ತಾನೇ ಹೋಗಿ ನೋಡತೊಡಗಿದ ಮೇಲೆ ನೀಲಕ್ಕನ ಮಾತಿಗೆ ಕೊನೆ ಇಲ್ಲ. ಈ ವಾರ ಎಲ್ಲಿ ಏನಿದೆ ಎಂದು ತಿಳಿಯಬೇಕಾದರೆ ಹೋದ ವಾರ ಅವಳು ಏನೇನು ನೋಡಿದಳು, ಯಾರ ಪಕ್ಕ ನಿಂತಳು, ಬಸ್ಸಿನಲ್ಲಿ ಯಾರು ಸಿಕ್ಕರು, ಎಲ್ಲ ಕೇಳಬೇಕು. ಫರ್ಹತ ಗುಂಡಿ ಒತ್ತಿ ಒತ್ತಿ ಬೆರಳು ನೋಯುತ್ತದೆಂದು ಈಗ ಫೋನನ್ನು ಮಂಜಪ್ಪನ ಕೈಗೆ ಕೊಟ್ಟಿದ್ದಾಳೆ. ದೀಪಾವಳಿಯ ಮರುವಾರ ಹಾನಗಲ್ಲಿನ ಹತ್ತಿರ ಹೋರಿ ಬೆದರಿಸುವ ಪಂದ್ಯವನ್ನು, ಅಂದರೆ ಸಿಂಗರಿಸಿದ ಹೋರಿಗಳನ್ನು ಜನರ ನಡುವೆ ಓಡಿಸುವುದನ್ನು, ನೋಡಿ ಬಂದು ಅವಳು ಹೇಳಿದ್ದನ್ನು ನಾನು ಮೂರು ಸಲ ಕೇಳಿದ್ದೇನೆ.

"ಏನ್ ಹೇಳ್ಲಿ ರೀ, ಅಂಥಾ ಹೋರಿ ನಾನು ನೋಡೇ ಇಲ್ಲ. ಕೋಡಿಗೆ ಬಲೂನ್ ಕಟ್ಟಿದ್ರಂತ, ಕೊಳ್ಳಾಗ ಕೊಬ್ರಿ ಹಾರಂತ. ಬಂತು ಬಂತು ಅಂದ್ರು, ಹೋತು ಹೋತು ಅಂದ್ರು. ನಡುವ ನಾನು ಚಪ್ಪಲಿ ಹುಡುಕಾಕತ್ತಿದ್ದೆ. ಆದ್ರ ಭಾಳ ಚಂದ ಇತ್ತ್ರಿ, ನೀವೂ ಹೋಗ್ರಿ."